ತೇಗನ ನಿಂತಲ್ಲೇ ಒಣಗಿಸಿ ಕಡೀತಿದ್ದದ್ದು ಯಾಕೆ?

ಮಲೆನಾಡಿಗ: ಬ್ರಿಟಿಷರ ಕಾಲದಲ್ಲಿ ಬರ್ಮಾದಲ್ಲಿ ತೇಗದ ಮರನ ಮೊದ್ಲು ಸಾಯಿಸಿ ಆಮೇಲೆ ಕಡೀತಿದ್ರಂತೆ, ಯಾಕೆ? ಕಾಡು ಉಳಿಸ್ಕೊಂಡು ಕಡಿಯೋ ಲೆಕ್ಕ ಯಾವಾಗ ಶುರುವಾಯ್ತು? ಗೊತ್ತಿರೋರು ಹೇಳಿ.

ಹೊಳೆದಂಡೆ: ಹಸಿ ತೇಗ ನೀರಲ್ಲಿ ಮುಳುಗುತ್ತೆ ಕಣ್ರೀ, ಅದಕ್ಕೇ. ಬುಡದ ಹತ್ರ ಸುತ್ತಲೂ ತೊಗಟೆ, ಅದರೊಳಗಿನ ಬಿಳಿ ಭಾಗ ಎಲ್ಲಾ ನಡುವಿನ ಗಟ್ಟಿ ಕೆಚ್ಚು ಸಿಗೋವರೆಗೂ ಕೆತ್ತಿ ಬಿಟ್ಬಿಡೋರು, ಎರಡ್ಮೂರು ವರ್ಷದಲ್ಲಿ ಒಣಗಿ ಹಗುರ ಆಗೋದು, ಆಮೇಲೆ ಕಡಿದು ಆನೆ ಕೈಲಿ ಎಳೆಸಿ ಹಳ್ಳಕ್ಕೆ ಹಾಕೋರು, ಮಳೆಗಾಲದ ನೀರಲ್ಲಿ ತೇಲ್ಕೊಂಡು ದೊಡ್ಡ ಹೊಳೆ ಸೇರೋದು, ಅಲ್ಲಿಂದ ತೆಪ್ಪ ಕಟ್ಟಿ ರಂಗೂನಿಗೆ.

ಕಾಡುಲೆಕ್ಕ: ಎರಡನೇದಕ್ಕೆ ನಾನು ಹೇಳ್ತೀನಿ. 1856ರಲ್ಲಿ ಡೀಟ್ರಿಕ್ ಬ್ರಾಂಡಿಸ್ ಅನ್ನೋ ಜರ್ಮನ್ ಸಸ್ಯಶಾಸ್ತ್ರಜ್ಞ ಬರ್ಮಾದ ಪೆಗು ಪ್ರಾಂತ್ಯದ ಕಾಡಿನ ಉಸ್ತುವಾರಿಗೆ ಬಂದ್ರು. ಕಾಡೊಳಗೆ ಹೋಗ್ತಾ ದಾರಿಯ ಎರಡೂ ಕಡೆ ಕಂಡ ತೇಗನ ದಪ್ಪದ ಪ್ರಕಾರ ಎಣಿಸಿ, ವರ್ಷಕ್ಕೆ ಎಷ್ಟು ಮರ ಕಡಿಯೋ ಗಾತ್ರಕ್ಕೆ ಬರ್ತವೆ ಅಂತ ಅಂದಾಜು ಮಾಡಿ ಕಡಿಯೋದಕ್ಕೆ ಮಿತಿ ಹಾಕಿದ್ರು, ಆ ಕಾಲಕ್ಕೆ ಇದು ನಿಜಕ್ಕೂ ದೊಡ್ಡ ಕೆಲ್ಸ. 1864ರಲ್ಲಿ ಇಂಡಿಯಾದ ಮೊದಲ ಇನ್ಸ್‌ಪೆಕ್ಟರ್ ಜನರಲ್ ಆಫ್ ಫಾರೆಸ್ಟ್ಸ್, ಅಂದ್ರೆ ಅರಣ್ಯ ಇಲಾಖೆಯ ಮುಖ್ಯಸ್ಥ, ಆಗಿದ್ದೂ ಇವ್ರೇ.

ಗುಡ್ಡದಹೊಲ: ಬರ್ಮಾದ ಗುಡ್ಡಗಾಡಿನ ಕರೆನ್ ಜನನ ಮರೀಬೇಡಿ ಮತ್ತೆ. ಕಾಡು ಕಡಿದು ಸುಟ್ಟ ಗುಡ್ಡದ ಹೊಲದಲ್ಲಿ ಭತ್ತದ ಜೊತೆಗೇ ತೇಗದ ಸಸಿ ನೆಟ್ಟು ಕಳೆ ಕಿತ್ತು ಬೆಳೆಸಿದ್ದು ಅವ್ರು, ಟೌಂಗ್ಯಾ ಅಂತಾರೆ ಈ ಪದ್ಧತೀನ. ಒಂದೆರಡು ಬೆಳೆ ತೆಗೆದು ಅವ್ರು ಮುಂದಕ್ಕೆ ಹೋಗ್ಬೇಕಿತ್ತು, ತೇಗ ಸರ್ಕಾರದ್ದು. ಅಷ್ಟು ದುಡಿದೋರಿಗೆ ಇದು ಅನ್ಯಾಯ ಅಂತಲೇ ನನಗನ್ಸೋದು.