ಡಾಲ್ಟನ್ ಹೈವೇಗೆ ಗೈಡ್ ಜೊತೆ ಬೈಕಲ್ಲಿ ಹೋದವರು ಇದ್ದೀರಾ?

ಬೆಂಗಳೂರಿನಿಂದ ಕೇಳಿದ್ದು:
ನನಗೆ 44 ವರ್ಷ. ಹದಿನೆಂಟು ವರ್ಷದಿಂದ ಬುಲೆಟ್ ಓಡಿಸುತ್ತಿದ್ದೇನೆ, ಲಡಾಖ್‌ಗೆ ಎರಡು ಸಲ ಹೋಗಿ ಬಂದಿದ್ದೇನೆ. ಮುಂದಿನ ಜೂನ್‌ನಲ್ಲಿ ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಿಂದ ಉತ್ತರದ ತುದಿ ಡೆಡ್‌ಹಾರ್ಸ್‌ವರೆಗೆ ಡಾಲ್ಟನ್ ಹೈವೇಯಲ್ಲಿ ಹೋಗಬೇಕು ಅಂತ ಆಸೆ. ಅಮೆರಿಕದಲ್ಲಿರುವ ತಮ್ಮನೂ ಬರುತ್ತಾನೆ. ಗೈಡ್ ಇರುವ ಟೂರ್‌ಗೆ ಬರೀ ಬಾಡಿಗೆ ಬೈಕಿಗಿಂತ ತುಂಬಾ ಜಾಸ್ತಿ ಕೇಳುತ್ತಿದ್ದಾರೆ. ಅಷ್ಟು ಕೊಡಬಹುದಾ? ಲಡಾಖ್ ಅನುಭವ ಸಾಕಾಗುತ್ತಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಸಿಯಾಟಲ್‌ನಿಂದ:
ಸರ್, ನಾನು ಹಾಸನದವನು. ಎರಡು ವರ್ಷದ ಹಿಂದೆ ಜೂನ್ ಕೊನೆಯಲ್ಲಿ ಗೈಡ್ ಜೊತೆ ಹೋಗಿದ್ದೆ. ನಾವು ಆರು ಬೈಕು, ಹಿಂದೆ ಒಂದು ಪಿಕಪ್ ಗಾಡಿ. ಮೊದಲ ಸಲ ಹೋಗುವುದಾದರೆ ದುಡ್ಡಿನ ಮುಖ ನೋಡಬೇಡಿ, ಗೈಡ್ ಜೊತೆಯೇ ಹೋಗಿ.

ದಾರಿ ತೋರಿಸಲು ಯಾರೂ ಬೇಕಿಲ್ಲ, ಅಲ್ಲಿರುವುದು ಒಂದೇ ರಸ್ತೆ. ಎಣ್ಣೆ ಪೈಪ್‌ಲೈನಿನ ಸಾಮಾನು ಸಾಗಿಸಲು 1974ರಲ್ಲಿ ಐದು ತಿಂಗಳಲ್ಲಿ ಹಾಕಿದ 666 ಕಿಲೋಮೀಟರ್ ರಸ್ತೆ ಅದು. ಪೂರ್ತಿ ರಸ್ತೆಯಲ್ಲಿ ಜನ ಓಡಾಡಲು ಬಿಟ್ಟಿದ್ದು 1994ರಲ್ಲಿ. ಈಗಲೂ ಅದು ಲಾರಿಗಳ ರಸ್ತೆಯೇ. ಗೈಡ್ ಬೇಕಾಗುವುದು "ಇವತ್ತು ಈಗ ಹೊರಡುವುದು ಬೇಡ" ಅಂತ ಹೇಳಲು. ನಮಗೆ ನಾವೇ ಆ ಮಾತು ಹೇಳಿಕೊಳ್ಳುವುದು ಬಹಳ ಕಷ್ಟ. ರಜೆ ಹಾಕಿರುತ್ತೇವೆ, ಲಕ್ಷಗಟ್ಟಲೆ ಕೊಟ್ಟಿರುತ್ತೇವೆ, ಅಲ್ವಾ?

ದಾರಿ ನಡುವೆ ಲಾರಿಗಳು ತಂಗುವ ಕೋಲ್ಡ್‌ಫುಟ್ ಅನ್ನುವ ಜಾಗದಲ್ಲಿ ನಮಗೆ ಹೀಗಾಯಿತು. ಎರಡನೇ ದಿನ ಬೆಳಿಗ್ಗೆ ಸಣ್ಣ ಮಳೆ. ಎಲ್ಲರೂ ಹೆಲ್ಮೆಟ್ ಹಾಕಿ ರೆಡಿ. ಗೈಡ್ ರಸ್ತೆಗೆ ನಡೆದು ಹೋಗಿ ಬೂಟಿನ ಹಿಮ್ಮಡಿಯನ್ನು ಮಣ್ಣಿಗೆ ಒತ್ತಿ ಒಂದು ಸುತ್ತು ತಿರುಗಿಸಿದ. ಹಿಮ್ಮಡಿ ಪೂರ್ತಿ ಹೂತುಹೋಯಿತು. ವಾಪಸ್ ಬಂದು, ಹೆಲ್ಮೆಟ್ ತೆಗೆಯಿರಿ, ಕಾಫಿ ಕುಡಿಯೋಣ ಅಂದ. ನನಗೆ ಸಿಟ್ಟೇ ಬಂತು. ಮಧ್ಯಾಹ್ನ ಉತ್ತರದಿಂದ ಬಂದ ಲಾರಿಯವರನ್ನು ಒಬ್ಬೊಬ್ಬರನ್ನೇ ಮಾತಾಡಿಸಿ ಮುಂದಿನ ರಸ್ತೆ ಹೇಗಿದೆ ಅಂತ ಕೇಳಿದ. ಸಂಜೆ ನಾಲ್ಕಕ್ಕೆ ಮಣ್ಣು ಬಿಗಿಯಾದ ಮೇಲೆ ಹೊರಟೆವು. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ, ಹಾಗಾಗಿ ಕಾಯುವುದರಿಂದ ಏನೂ ನಷ್ಟವಿಲ್ಲ. ನಡುರಾತ್ರಿ ಡೆಡ್‌ಹಾರ್ಸ್ ಸೇರಿದಾಗ ನನ್ನ ನೆರಳು ರಸ್ತೆ ಮೇಲೆ ಉದ್ದಕ್ಕೆ ಬಿದ್ದಿತ್ತು.

ಲಡಾಖ್ ವಿಷಯ. ಅಲ್ಲಿ ನಿಮ್ಮನ್ನು ಕಾಡುವುದು ಎತ್ತರ. ಇಲ್ಲಿ ಎತ್ತರದ ಸಮಸ್ಯೆಯೇ ಇಲ್ಲ. ರಸ್ತೆಯಲ್ಲೇ ಎತ್ತರದ ಜಾಗ ಅಟಿಗನ್ ಪಾಸ್, 1,444 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಕಡಿಮೆ. ಆದರೂ ಬೇಸಿಗೆಯಲ್ಲೇ ಹಿಮ ಬೀಳಬಹುದು. ಇಲ್ಲಿ ಕಾಡುವುದು ಮಣ್ಣು. ಧೂಳು ಏಳದಿರಲಿ, ರಸ್ತೆ ಗಟ್ಟಿಯಾಗಲಿ ಅಂತ ಅದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕುತ್ತಾರೆ. ಒಣಗಿದ್ದಾಗ ಡಾಂಬರಿನಂತೆ ಓಡಿಸಬಹುದು. ಒದ್ದೆಯಾದರೆ ಪಾಚಿ ಕಟ್ಟಿದ ಬಚ್ಚಲ ಕಲ್ಲು. ಮಳೆಯೇ ಬರಬೇಕೆಂದಿಲ್ಲ, ರಸ್ತೆ ಕೆಲಸದವರ ನೀರಿನ ಟ್ಯಾಂಕರ್ ಹೋದರೂ ಸಾಕು. ಬಿಸಿಲಿನಲ್ಲಿ ಆರಾಮಾಗಿ ಬರುತ್ತಿದ್ದವನಿಗೆ ತಿರುವು ದಾಟಿದ ತಕ್ಷಣ ಕೆಸರು ಎದುರಾಗುತ್ತದೆ. ಆಗ ಮುಂದಿನ ಬ್ರೇಕ್ ಮುಟ್ಟಬೇಡಿ. ಫುಟ್‌ಪೆಗ್ ಮೇಲೆ ಎದ್ದು ನಿಂತು, ಹ್ಯಾಂಡಲ್ ಸಡಿಲ ಹಿಡಿದು, ದೂರಕ್ಕೆ ನೋಡುತ್ತಾ ಒಂದೇ ಸಮನೆ ಹೋಗಬೇಕು. ಹೊರಡುವ ಮೊದಲು ನಿಂತು ಓಡಿಸುವುದನ್ನು ಊರಿನ ಕಡೆ ಮಣ್ಣಿನ ರಸ್ತೆಯಲ್ಲಿ ಒಂದು ತಿಂಗಳು ಅಭ್ಯಾಸ ಮಾಡಿ. ಲಡಾಖ್‌ಗಿಂತ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಆ ಕೆಸರು ಮುಂದಿನ ಚಕ್ರಕ್ಕೂ ಮಡ್‌ಗಾರ್ಡ್‌ಗೂ ನಡುವೆ ತುಂಬಿಕೊಂಡು ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ರೇಡಿಯೇಟರ್ ಮೇಲೆ ಮೆತ್ತಿಕೊಂಡರೆ ಎಂಜಿನ್ ಬಿಸಿಯಾಗುತ್ತದೆ. ಪ್ರತಿ ಸಲ ನಿಂತಾಗ ಗೈಡ್ ನಮ್ಮ ಕೈಗೆ ಒಂದೊಂದು ಮರದ ಚಕ್ಕೆ ಕೊಡುತ್ತಿದ್ದ. ಮೊದಲು ಅದನ್ನು ಕೆರೆಯಬೇಕು, ಫೋಟೋ ಆಮೇಲೆ.

ಕೋಲ್ಡ್‌ಫುಟ್ ಬಿಟ್ಟರೆ ಡೆಡ್‌ಹಾರ್ಸ್‌ವರೆಗೆ ಸುಮಾರು 385 ಕಿಲೋಮೀಟರ್ ಪೆಟ್ರೋಲ್ ಇಲ್ಲ, ಡಾಬಾ ಇಲ್ಲ, ಆಸ್ಪತ್ರೆಯೂ ಇಲ್ಲ. ನನ್ನ ಬೈಕಿನ ಟ್ಯಾಂಕ್ 16 ಲೀಟರ್. ಪಿಕಪ್‌ನಲ್ಲಿದ್ದ ಕ್ಯಾನ್ ಇಲ್ಲದಿದ್ದರೆ ತಲುಪುತ್ತಿರಲಿಲ್ಲ.

ಇನ್ನೊಂದು ಮುಖ್ಯ. ಅಲ್ಲಿ ಬಲಗಡೆ ಓಡಿಸಬೇಕು. ಓಡಿಸುತ್ತಾ ಇರುವಾಗ ನೆನಪಿರುತ್ತದೆ. ನಿಂತು, ಎರಡು ಫೋಟೋ ತೆಗೆದು, ಖಾಲಿ ರಸ್ತೆಗೆ ಮತ್ತೆ ಇಳಿಯುವಾಗ ಕೈ ತಾನಾಗಿಯೇ ಎಡಕ್ಕೆ ತಿರುಗುತ್ತದೆ. ಇಂಡಿಯಾದಿಂದ ಬಂದಿದ್ದ ನಮ್ಮ ಜೊತೆಯವರೊಬ್ಬರು ಹಾಗೇ ಇಳಿದರು. ಎದುರಿಗೆ ಲಾರಿ ಇರಲಿಲ್ಲ, ದೇವರು ದೊಡ್ಡವನು. ಲಾರಿ ಕಂಡರೆ ವೇಗ ಇಳಿಸಿ, ಪೂರ್ತಿ ಬಲಕ್ಕೆ ಸರಿದು, ಹೆಲ್ಮೆಟ್ಟಿನ ಗಾಜು ಮುಚ್ಚಿಕೊಳ್ಳಿ. ಕಲ್ಲು ಹಾರುತ್ತವೆ.

ಧಾರವಾಡದಿಂದ:
ಅಣ್ಣಾ, ನಾನು ಮತ್ತು ನಮ್ಮ ಮನೆಯವರು ಎರಡು ಬೈಕಿನಲ್ಲಿ ಇದೇ ಥರ ಗೈಡ್ ಜೊತೆ ಹೋಗಿದ್ದೆವು. ರಸ್ತೆ ಬಗ್ಗೆ ಮೇಲಿನವರು ಎಲ್ಲ ಹೇಳಿದ್ದಾರೆ. ನಾನು ಊಟ, ಬಟ್ಟೆ ಹೇಳುತ್ತೇನೆ.

ನಾವು ಸಸ್ಯಾಹಾರಿಗಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಚ್ಚಿದ ಅವಲಕ್ಕಿ ಕಟ್ಟಿಕೊಂಡು ಹೋಗಿದ್ದೆವು. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಇಡಿ, ನಮ್ಮದು ಬ್ಯಾಗಿನಲ್ಲಿ ಕುಲುಕಿ ಕುಲುಕಿ ಪುಡಿಯಾಗಿತ್ತು. ಟೆಂಟ್ ಹಾಕುವ ಟೂರ್ ಆದರೆ ತಿನ್ನುವ ಒಂದು ಚೂರೂ ಒಳಗೆ ಇಟ್ಟುಕೊಳ್ಳಬೇಡಿ, ಕರಡಿಗಳಿವೆ. ಟೂತ್‌ಪೇಸ್ಟ್ ಕೂಡ ಹೊರಗೇ.

ಸೊಳ್ಳೆ ಬಗ್ಗೆ ಸುಮ್ನೆ ಹೇಳುತ್ತಾರೆ ಅಂದುಕೊಂಡಿದ್ದೆ. ಬೈಕ್ ನಿಲ್ಲಿಸಿ ಗ್ಲೌಸ್ ತೆಗೆದರೆ ಮುಂಗೈ ಕಪ್ಪಾಗುತ್ತದೆ, ಅಷ್ಟು ಕೂರುತ್ತವೆ. ತಲೆ ಮೇಲಿನಿಂದ ಹಾಕುವ ಬಲೆ ಸಿಗುತ್ತದೆ, ತೆಗೆದುಕೊಳ್ಳಿ. ಹೆಣ್ಣುಮಕ್ಕಳು ಯಾರಾದರೂ ಓದುತ್ತಿದ್ದರೆ: ಅಟಿಗನ್ ದಾಟಿದ ಮೇಲೆ ಒಂದು ಮರವೂ ಇಲ್ಲ, ಮರೆ ಅನ್ನುವುದೇ ಇಲ್ಲ. ಶೌಚಾಲಯ ಎಲ್ಲೆಲ್ಲಿದೆ ಅಂತ ಗೈಡ್‌ಗೆ ಗೊತ್ತಿರುತ್ತದೆ. ಬೆಳಿಗ್ಗೆಯೇ ಕೇಳಿಕೊಂಡೆ, ನಾಚಿಕೆ ಪಡಲಿಲ್ಲ.

ಅಲ್ಲೇ ಬಯಲಿನಲ್ಲಿ ಮಸ್ಕ್ ಆಕ್ಸ್ ಅನ್ನುವ ಕಾಡುಪ್ರಾಣಿಗಳ ಹಿಂಡು ನೋಡಿದೆವು. ಕೂದಲು ನೆಲಕ್ಕೆ ತಾಗುವಂತೆ ಜೋತುಬಿದ್ದಿತ್ತು. ಗೈಡ್ ಎಲ್ಲರ ಎಂಜಿನ್ ಆಫ್ ಮಾಡಿಸಿದ. ಅವು ಹುಲ್ಲು ಕಿತ್ತು ತಿನ್ನುವ ಸದ್ದು ರಸ್ತೆವರೆಗೂ ಕೇಳುತ್ತಿತ್ತು.

ಕ್ಯಾಲ್ಗರಿಯಿಂದ:
ನಾನು ಆಗಸ್ಟ್‌ನಲ್ಲಿ ಒಬ್ಬನೇ ಹೋಗಿದ್ದೆ. ಬೇಡ ಅಂತಲೇ ಹೇಳುತ್ತೇನೆ. ಬಾಡಿಗೆಯವರು ಬಾಯಲ್ಲಿ ಎಲ್ಲಿ ಬೇಕಾದರೂ ಹೋಗಿ ಅಂದಿದ್ದರು. ಪತ್ರದಲ್ಲಿ ಜಲ್ಲಿ ರಸ್ತೆಗೆ ವಿಮೆ ಇಲ್ಲ ಅಂತ ಇತ್ತು, ನಾನು ಓದಿರಲಿಲ್ಲ. ಯೂಕಾನ್ ನದಿ ದಾಟಿದ ಮೇಲೆ ಜಾರಿ ಬಿದ್ದೆ. ಕ್ಲಚ್ ಲಿವರ್ ಮುರಿಯಿತು, ಮಣಿಕಟ್ಟು ಊದಿತು. ಮೊಬೈಲ್ ಸಿಗ್ನಲ್ ಇಲ್ಲ. ಒಬ್ಬ ಲಾರಿ ಡ್ರೈವರ್ ನಿಲ್ಲಿಸಿ ಬೈಕ್ ಎತ್ತಿಕೊಟ್ಟ, ಸಂಜೆವರೆಗೆ ಅವನ ಜೊತೆ ಕೂತಿದ್ದೆ. ಆ ಉಪಕಾರ ಮರೆಯುವುದಿಲ್ಲ.

ನೀವು ಆರ್‌ಟಿಓದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸುವಾಗ ಅದರಲ್ಲಿ ಮೋಟಾರ್ ಸೈಕಲ್ ಇದೆಯಾ ನೋಡಿ. ಪ್ರವಾಸ ವಿಮೆ ದೊಡ್ಡ ಬೈಕಿಗೆ ಅನ್ವಯಿಸುತ್ತದಾ ಅಂತ ಬರಹದಲ್ಲಿ ತೆಗೆದುಕೊಳ್ಳಿ. ಸ್ಯಾಟಲೈಟ್ ಸಾಧನ ಗೈಡ್ ಬಳಿ ಒಂದು ಇದ್ದರೆ ಸಾಲದು, ಹಿಂದಿನ ಗಾಡಿಯಲ್ಲೂ ಇದೆಯಾ ಅಂತ ಕೇಳಿ.

ಬೆಂಗಳೂರಿನಿಂದ:
ಎಲ್ಲರಿಗೂ ತುಂಬಾ ಧನ್ಯವಾದ. ಗೈಡ್ ಜೊತೆಯೇ ಹೋಗುತ್ತೇವೆ. ಒಂದೇ ಒಂದು ಪ್ರಶ್ನೆ, ಡೆಡ್‌ಹಾರ್ಸ್‌ನಿಂದ ಬೈಕಲ್ಲೇ ಆರ್ಕ್ಟಿಕ್ ಸಮುದ್ರದವರೆಗೆ ಹೋಗಬಹುದಾ?

ಸಿಯಾಟಲ್‌ನಿಂದ:
ಇಲ್ಲ ಸರ್. ಡೆಡ್‌ಹಾರ್ಸ್ ಆಚೆ ಎಣ್ಣೆ ಕಂಪನಿಗಳ ಗೇಟ್ ಇದೆ. ಮುಂಚೆಯೇ ಗುರುತಿನ ವಿವರ ಕೊಟ್ಟವರನ್ನು ಮಾತ್ರ ವ್ಯಾನಿನಲ್ಲಿ ಕರೆದುಕೊಂಡು ಹೋಗುತ್ತಾರೆ. ನಮ್ಮಲ್ಲಿ ಒಬ್ಬರು ಕೊಟ್ಟಿರಲಿಲ್ಲ, ಅಷ್ಟು ದೂರ ಬಂದು ಗೇಟಿನ ಈಚೆ ಉಳಿದರು. ಟೂರ್ ಬುಕ್ ಮಾಡಿದ ದಿನವೇ ನಿಮ್ಮಿಬ್ಬರ ಪಾಸ್‌ಪೋರ್ಟ್ ವಿವರ ಕಳಿಸಿಬಿಡಿ. ಒಂದು ಟವೆಲ್ ಇಟ್ಟುಕೊಳ್ಳಿ. ನಾವು ಹೋದಾಗ ದಡದ ಹತ್ತಿರ ಇನ್ನೂ ಮಂಜುಗಡ್ಡೆ ತೇಲುತ್ತಿತ್ತು, ಆದರೂ ಎಲ್ಲರೂ ಬೂಟು ಬಿಚ್ಚಿ ನೀರಿಗೆ ಇಳಿದೆವು.