ಪದಚರ್ಚೆ: ಬಾಣದ ‘ಬ್ಲಂಟ್’ಗೆ ‘ಮೊಂಡು ಮೊನೆ’ ಸರಿಯೆ?

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರುವ ಕನ್ನಡಿಗರಿಗಾಗಿ ಒಂದು ಕೈಪಿಡಿ ಅನುವಾದವಾಗುತ್ತಿದೆ. ಅಲ್ಲಿ ಪರವಾನಗಿ ಪಡೆದು ಬಿಲ್ಲಿನಿಂದ ಮೊಲ, ಅಳಿಲು ಬೇಟೆಯಾಡುವವರಿಗೆ ಬರೆದದ್ದು. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಅಗ್ಗದ ಬಾಣಮೊನೆಗಳ ಅಧ್ಯಾಯದಲ್ಲಿ ಕೆಲಸ ನಿಂತಿದೆ: ಫೀಲ್ಡ್ ಪಾಯಿಂಟ್, ಬ್ರಾಡ್‌ಹೆಡ್, ಬ್ಲಂಟ್, ಜೂಡೋ ಪಾಯಿಂಟ್. ಚಪ್ಪಟೆ ತುದಿಯ ಬ್ಲಂಟ್‌ಗೆ ‘ಮೊಂಡು ಮೊನೆ’ ಎಂದು ಹಾಕಿದ್ದೇನೆ. ತೂಕ ಗ್ರೇನ್ ಎಂಬ ಇಂಗ್ಲಿಷ್ ಅಳತೆಯಲ್ಲಿದೆ, ಅದನ್ನು ಹಾಗೇ ಬಿಡಲೆ?

ಮರು:
‘ಮೊಂಡು ಮೊನೆ’ ಬೇಡ. ಮೊನೆ ಎಂದರೇ ಚೂಪು. ಇನ್ನು ಮೊಂಡು ಎನ್ನುವುದು ಹರಿತ ಕಳೆದುಕೊಂಡದ್ದಕ್ಕೆ: ಕುಡುಗೋಲು ಮೊಂಡಾಯಿತು, ಈಳಿಗೆ ಮೊಂಡಾಯಿತು. ಬ್ಲಂಟ್ ಹುಟ್ಟಿದ್ದೇ ಚಪ್ಪಟೆಯಾಗಿ. ಓದುವವನು ಇದನ್ನು ಸವೆದ ಮಾಲು ಅಂದುಕೊಳ್ಳುತ್ತಾನೆ.

ಮರು:
ಆಕಾರ ಬಿಟ್ಟು ಕೆಲಸ ನೋಡಿ ಹೆಸರಿಡಿ. ಫೀಲ್ಡ್ ಪಾಯಿಂಟ್ ಚುಚ್ಚುತ್ತದೆ, ಬ್ರಾಡ್‌ಹೆಡ್ ಕೊಯ್ಯುತ್ತದೆ, ಬ್ಲಂಟ್ ಗುದ್ದುತ್ತದೆ. ಹಾಗಾಗಿ ಚುಚ್ಚುಮೊನೆ, ಅಲಗು, ಗುದ್ದುತಲೆ. ಬೇಟೆಗಾರನಿಗೆ ಬೇಕಾದ ಎಚ್ಚರಿಕೆಯೂ ಇದರಲ್ಲೇ ಇದೆ. ಚುಚ್ಚುಮೊನೆ ಮೊಲದ ಮೈಯಲ್ಲಿ ಸಣ್ಣ ತೂತು ಮಾಡಿ ಆಚೆ ಹೊರಟುಹೋಗುತ್ತದೆ. ಪ್ರಾಣಿ ಗಾಯದೊಂದಿಗೆ ಓಡಿ ಪೊದೆ ಸೇರುತ್ತದೆ, ಬಾಣ ಹುಲ್ಲಿನಡಿ ಜಾರಿ ಮಾಯವಾಗುತ್ತದೆ. ಗುದ್ದುತಲೆ ತಲೆಗೋ ಎದೆಗೋ ಬಿದ್ದರೆ ಪೆಟ್ಟಿನ ಆಘಾತಕ್ಕೇ ಪ್ರಾಣಿ ಅಲ್ಲೇ ಬೀಳುತ್ತದೆ. ಅಳಿಲಿಗೆ ಗುರಿಯಿಟ್ಟು ತಪ್ಪಿದರೆ ಚುಚ್ಚುಮೊನೆ ಎತ್ತರದ ಕೊಂಬೆಗೆ ನಾಟಿಕೊಂಡು ಉಳಿದುಬಿಡುತ್ತದೆ, ಗುದ್ದುತಲೆ ಸಾಮಾನ್ಯವಾಗಿ ಪುಟಿದು ಕೆಳಗೆ ಬರುತ್ತದೆ.

ಜೂಡೋ ಎನ್ನುವುದು ಜ್ವಿಕಿ ಕಂಪನಿಯ ಸರಕಿನ ಹೆಸರು. ಅದನ್ನು ಹಾಗೇ ಬಿಟ್ಟು ಪಕ್ಕದಲ್ಲಿ ‘ಸ್ಪ್ರಿಂಗ್ ಕೊಕ್ಕೆಯ ಗುದ್ದುತಲೆ’ ಎಂದು ಬರೆಯಿರಿ. ಚಪ್ಪಟೆ ತಲೆಯ ಸುತ್ತ ನಾಲ್ಕು ತಂತಿ ತೋಳುಗಳಿರುತ್ತವೆ. ಅವು ಹುಲ್ಲಿಗೆ ಸಿಕ್ಕಿ ಬಾಣವನ್ನು ಮೇಲಕ್ಕೆ ಮಗುಚುತ್ತವೆ, ಗರಿ ಕಣ್ಣಿಗೆ ಬೀಳುತ್ತದೆ. ಬೆಲೆ ಹೆಚ್ಚು, ಆದರೆ ಬಾಣ ಕಳೆಯುವುದು ತಪ್ಪುವುದರಿಂದ ಕೊನೆಗೆ ಅದೇ ಅಗ್ಗ.

ಮರು:
ಬಾಣಕ್ಕೆ ‘ತಲೆ’ ಅನ್ನುವುದು ಇಂಗ್ಲಿಷಿನ ನೆರಳು. ಬಾಣವೂ ಸಂಸ್ಕೃತ. ಅಂಬು, ಕಣೆ ಇರುವಾಗ ಎರವಲು ಯಾಕೆ? ಗ್ರೇನ್ ಬದಲು ನಮ್ಮ ಗುಂಜಿ ಹಾಕಿ.

ಮರು:
ಮೊಳೆಗೆ ತಲೆ, ಸುತ್ತಿಗೆಗೆ ತಲೆ ಅನ್ನುವುದು ಯಾವ ಇಂಗ್ಲಿಷಿನ ನೆರಳು? ಅಂಬು ಅಂದರೆ ಇವತ್ತಿನ ಓದುಗನಿಗೆ ಅಂಬುಜದ ನೀರು ನೆನಪಾಗುತ್ತದೆ.

ಗುಂಜಿಯಂತೂ ಶುದ್ಧ ತಪ್ಪು. ಒಂದು ಗುಂಜಿ ಸುಮಾರು 121 ಮಿಲಿಗ್ರಾಂ, ಒಂದು ಗ್ರೇನ್ 64.8 ಮಿಲಿಗ್ರಾಂ. ‘100 ಗುಂಜಿ ಮೊನೆ’ ಎಂದು ಅಚ್ಚಾದರೆ ತೂಕ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಬಾಣದ ಮುಂಭಾರ ಏರಿದರೆ ಬಿಟ್ಟ ಗಳಿಗೆಯಲ್ಲಿ ಕಡ್ಡಿ ಹೆಚ್ಚು ಬಾಗುತ್ತದೆ, ಗುರಿಗಿಂತ ಕೆಳಗೆ ಬೀಳುತ್ತದೆ. ಗ್ರೇನ್ ಇರಲಿ, ಪಕ್ಕದಲ್ಲಿ ಗ್ರಾಂ ಕೊಡಿ: 100 ಅಂದರೆ 6.5 ಗ್ರಾಂ, 125 ಅಂದರೆ 8.1 ಗ್ರಾಂ. ಅಭ್ಯಾಸಕ್ಕೆ ಯಾವ ತೂಕವೋ ಬೇಟೆಗೂ ಅದೇ ತೂಕ ಎಂಬ ಮಾತು ದಪ್ಪಕ್ಷರದಲ್ಲಿರಲಿ.

ಮರು:
ವನ್ಯಜೀವಿ ಕಾಯ್ದೆಯಿಂದಾಗಿ ಭಾರತದಲ್ಲಿ ಬೇಟೆಗೆ ಹೆಚ್ಚುಕಡಿಮೆ ಜಾಗವೇ ಇಲ್ಲ. ಆಡುವವರಿಲ್ಲದ ಪದಕ್ಕೆ ಇಷ್ಟು ಜಗಳ ಅನಗತ್ಯ.

ಮರು:
ಆಡುವವರು ಅಲ್ಲಿದ್ದಾರೆ, ಕೈಪಿಡಿಯೂ ಅವರಿಗೇ. ಪದ ಕೊಡದಿದ್ದರೆ ಇಡೀ ವಾಕ್ಯವೇ ಇಂಗ್ಲಿಷಾಗುತ್ತದೆ.

ಅನುವಾದಕರೆ, ಮನೆಯಲ್ಲೇ ಮಾಡಿಕೊಳ್ಳುವ ಎರಡು ಬಗೆಗಳಿಗೂ ಮಾತು ಬೇಕಾಗುತ್ತದೆ. ಒಂದು, ತಿರುಪಿನ ಚುಚ್ಚುಮೊನೆಯ ಹಿಂದೆ ವಾಷರ್ ಹಾಕಿ ಬಿಗಿಯುವುದು. ಥ್ರೆಡ್, ಅಂದರೆ ತಿರುಪಿನ ಅಳತೆ, ಸಾಮಾನ್ಯವಾಗಿ 8-32. ವಾಷರ್ ಕಡ್ಡಿಗಿಂತ ಅಗಲವಿರಬೇಕು, ಆಗ ಬಾಣ ಆರಪಾರಾಗದಂತೆ ಅದು ತಡೆಯುತ್ತದೆ. ಅದರ ತೂಕವನ್ನೂ ಲೆಕ್ಕಕ್ಕೆ ಸೇರಿಸಬೇಕು. ಇನ್ನೊಂದು, ಹಾರಿಸಿ ಮುಗಿದ .38 ಸ್ಪೆಷಲ್ ರಿವಾಲ್ವರಿನ ಖಾಲಿ ತೋಟಾವನ್ನು 11/32 ಇಂಚಿನ ಮರದ ಕಡ್ಡಿಗೆ ಕಾಯಿಸಿದ ಅಂಟಿನಿಂದ ಕೂರಿಸುವುದು. ‘ತೋಟಾ’ ಎಂದಷ್ಟೇ ಬರೆಯಬೇಡಿ, ‘ಖಾಲಿ’ ಎಂಬುದು ಪ್ರತಿ ಸಲವೂ ಇರಲಿ. ರಬ್ಬರಿನದಕ್ಕೆ ‘ರಬ್ಬರ್ ಗುದ್ದುತಲೆ’ ಸಾಕು. ರಬ್ಬರಿಗೆ ಅಚ್ಚಗನ್ನಡ ಹುಡುಕಲು ಹೋಗಬೇಡಿ.

ಮರು:
ತೋಟಾ ಹೊರಗಿನದು, ರಬ್ಬರ್ ಹೊರಗಿನದು, ಥ್ರೆಡ್ ಹೊರಗಿನದು. ಉಳಿದದ್ದೇನು?

ಮರು:
ಉಳಿದದ್ದು ಕ್ರಿಯಾಪದ. ಗುದ್ದು, ಚುಚ್ಚು, ಕೊಯ್ಯಿ, ಮಗುಚು. ಕನ್ನಡ ಅಲ್ಲಿ ಗಟ್ಟಿಯಾಗಿದ್ದರೆ ನಾಮಪದ ಎಲ್ಲಿಂದ ಬಂದರೂ ಜೀರ್ಣವಾಗುತ್ತದೆ.

ಮರು:
ಎಲ್ಲರಿಗೂ ಧನ್ಯವಾದ. ಹೀಗೆ ಇಟ್ಟಿದ್ದೇನೆ: “ಕಲ್ಲಿಗೆ ಬಡಿದ ಕಾರ್ಬನ್ ಬಾಣವನ್ನು ಮತ್ತೆ ಹೂಡುವ ಮೊದಲು ಗುದ್ದುತಲೆ ಬಿಚ್ಚಿ, ಕಡ್ಡಿಯ ತುದಿ ನೋಡಿ. ಕಡ್ಡಿಯನ್ನು ಮೆಲ್ಲಗೆ ಬಾಗಿಸಿ ಕಿವಿಗೊಡಿ. ಸದ್ದು ಬಂದರೆ ಎಸೆಯಿರಿ.”

ಮರು:
‘ಸದ್ದು’ ಸಾಲದು. ‘ಚಿಟಚಿಟ ಸದ್ದು’ ಎನ್ನಿ. ‘ಎಸೆಯಿರಿ’ ಬದಲು ‘ಮುರಿದು ಎಸೆಯಿರಿ’. ಇಡಿಯಾಗಿ ಬಿಸಾಡಿದ್ದನ್ನು ಇನ್ನೊಬ್ಬರು ಎತ್ತಿಕೊಂಡು ಹೂಡಿದರೆ ಬಾಣ ಒಡೆದು ಸೀಳು ಅವರ ಕೈಗೆ ನಾಟುತ್ತದೆ.