ಸೀತಾರಾಮುವಿನ ನೊಬೆಲ್ ಯೋಜನೆ

“ಬರುವ ಸೋಮವಾರದಿಂದ ನಮ್ಮ ಮನೆಯಲ್ಲಿ ಯಹೂದಿ ಪದ್ಧತಿ ಜಾರಿಗೆ ಬರುತ್ತದೆ” ಎಂದು ಸೀತಾರಾಮು ಘೋಷಿಸಿದಾಗ ಯಾರೂ ಗಾಬರಿಯಾಗಲಿಲ್ಲ. ಹಿಂದಿನ ವರ್ಷ ಜಪಾನಿ ಪದ್ಧತಿಯೂ ಅದರ ಹಿಂದಿನ ವರ್ಷ ಫಿನ್ಲೆಂಡಿನ ಪದ್ಧತಿಯೂ ಅದೇ ಮನೆಯಲ್ಲಿ ಜಾರಿಗೆ ಬಂದು, ಹೇಳದೆ ಕೇಳದೆ ಹೊರಟುಹೋದುದನ್ನು ನಾವೆಲ್ಲ ಕಂಡವರು. ಪದ್ಧತಿಗಳು ಬದಲಾಗುತ್ತಿದ್ದರೂ ಹುಡುಗ ಮಾತ್ರ ಅವನೇ. ಅವನಿಗೀಗ ಒಂಬತ್ತು ವರ್ಷ.

“ಜಗತ್ತಿನ ಜನಸಂಖ್ಯೆಯಲ್ಲಿ ಶೇಕಡಾ 0.2ರಷ್ಟಿರುವ ಜನ, ನೊಬೆಲ್ ಪಡೆದವರಲ್ಲಿ ಮಾತ್ರ ಸುಮಾರು ಐದರಲ್ಲಿ ಒಂದು ಪಾಲು! ಕಾರಣ ವಾಟ್ಸಾಪಿನಲ್ಲಿ ವಿವರವಾಗಿ ಬಂದಿದೆ. ಅವರ ಹೆಂಗಸರು ಗರ್ಭಿಣಿಯರಾಗಿದ್ದಾಗ ಬಾದಾಮಿ ತಿನ್ನುತ್ತಾರೆ, ಪಿಯಾನೋ ಕೇಳುತ್ತಾರೆ, ಕುಳಿತು ಲೆಕ್ಕ ಬಿಡಿಸುತ್ತಾರೆ” ಎಂದು ಸೀತಾರಾಮು ವಿವರಿಸಿದರು.

“ಒಂಬತ್ತು ವರ್ಷದ ಹುಡುಗನಿಗೆ ಗರ್ಭದ ಬಾದಾಮಿಯನ್ನು ಈಗ ತಲುಪಿಸುವುದು ಹೇಗೆ?” ಎಂದು ಪದ್ಮಮ್ಮ ಕೇಳಿದರು.

“ಅದಕ್ಕಾಗಿಯೇ ಆರು ವಾರದ ಕ್ರ್ಯಾಶ್ ಕೋರ್ಸಿಗೆ ಹಣ ಕಟ್ಟಿದ್ದೇನೆ.”

ಮೇಷ್ಟ್ರು ಕನ್ನಡಕವನ್ನು ತೆಗೆದು ಒರೆಸಿಕೊಂಡರು. ಇದು ಅವರು ಮಾತಿಗಿಳಿಯುವ ಮೊದಲು ಮಾಡುವ ಪೂರ್ವಾಂಗ. “ತಂದೆಯಾದವನು ಮಗನಿಗೆ ಏನೇನು ಮಾಡಬೇಕೆಂಬುದನ್ನು ಅವರ ಧರ್ಮಶಾಸ್ತ್ರದ ಚರ್ಚೆಗಳ ಹಳೆಯ ಸಂಗ್ರಹವಾದ ತಾಲ್ಮುದ್, ಕಿದ್ದುಶಿನ್ ಎಂಬ ಭಾಗದಲ್ಲಿ ಸ್ಪಷ್ಟವಾಗಿ ಹೇಳಿದೆ. ಸುನ್ನತಿ ಮಾಡಿಸಬೇಕು, ಚೊಚ್ಚಲ ಮಗನಾದರೆ ಪುರೋಹಿತನಿಗೆ ಐದು ಬೆಳ್ಳಿಯ ನಾಣ್ಯ ಕೊಟ್ಟು ಬಿಡಿಸಿಕೊಳ್ಳಬೇಕು, ಅವರ ಮೂಲ ಧರ್ಮಗ್ರಂಥವಾದ ತೋರಾ ಕಲಿಸಬೇಕು, ಮದುವೆ ಮಾಡಬೇಕು, ಒಂದು ಕಸುಬು ಕಲಿಸಬೇಕು. ಈಜನ್ನೂ ಕಲಿಸಬೇಕೆಂದು ಕೆಲವರು ಸೇರಿಸಿದ್ದಾರೆ.”

“ಬಾದಾಮಿ?”

“ಇಲ್ಲ.”

“ಪಿಯಾನೋ?”

“ತಾಲ್ಮುದ್ ಸಿದ್ಧವಾದ ಮೇಲೆ ಪಿಯಾನೋ ಹುಟ್ಟುವುದಕ್ಕೆ ಸಾವಿರ ವರ್ಷಕ್ಕೂ ಮಿಕ್ಕಿ ಕಾಲ ಬೇಕಾಯಿತು. ಅದಿರಲಿ, ನಿಮ್ಮ ಹುಡುಗನಿಗೆ ಈಜು ಬರುತ್ತದೆಯೇ?”

“ಅವನಿಗೆ ಕೋಡಿಂಗ್ ಬರುತ್ತದೆ” ಎಂದರು ಸೀತಾರಾಮು.

ಅಷ್ಟರಲ್ಲಿ ಶಾಸ್ತ್ರಿಗಳು ಎಚ್ಚೆತ್ತರು. ಯಾವ ದೇಶದ ಯಾವ ಸಂಗತಿಯಾದರೂ ಮೊದಲು ನಮ್ಮಲ್ಲಿಯೇ ಇತ್ತೆಂದು ಸಾಧಿಸದೆ ಅವರು ಕಾಫಿ ಮುಗಿಸಿದವರಲ್ಲ. ಯಹೂದಿಗಳಲ್ಲಿ ಅನೇಕರು ಮಗುವಿಗೆ ಮೂರು ವರ್ಷ ತುಂಬುವವರೆಗೆ ಕೂದಲಿಗೆ ಕತ್ತರಿ ಹಾಕದೆ, ಆಮೇಲೆ ನೆಂಟರಿಷ್ಟರನ್ನು ಕರೆದು ಕತ್ತರಿಸುತ್ತಾರಾದ್ದರಿಂದ ಅದು ನಮ್ಮ ಚೌಲವೇ ಸರಿ ಎಂಬುದು ಅವರ ವಾದವಾಗಿತ್ತು.

“ಹೋಲಿಕೆ ಇದೆ” ಎಂದು ಮೇಷ್ಟ್ರು ಉದಾರವಾಗಿ ಒಪ್ಪಿದರು. “ಅವರು ಕಿವಿಯ ಬಳಿಯ ಕೂದಲನ್ನು ಉಳಿಸುತ್ತಾರೆ, ನಾವು ಶಿಖೆಯನ್ನು ಉಳಿಸುತ್ತಿದ್ದೆವು. ಅವರು ಇನ್ನೂ ಉಳಿಸುತ್ತಿದ್ದಾರೆ. ನಾವು ಫೋಟೋ ಉಳಿಸಿಕೊಂಡಿದ್ದೇವೆ.”

ಶಾಸ್ತ್ರಿಗಳು ಮತ್ತೆ ಕಾಫಿಗೆ ಮರಳಿದರು.

ಸೀತಾರಾಮು ಸೋಲೊಪ್ಪುವವರಲ್ಲ. ಕೋರ್ಸಿನ ಮೊದಲ ಪಾಠವೇ ಪ್ರಶ್ನೆ ಕೇಳುವ ಕಲೆಯೆಂದೂ, 1944ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಇಸಿಡೋರ್ ರಾಬಿಯವರನ್ನು ಅವರ ತಾಯಿ, ಶಾಲೆಯಿಂದ ಬಂದೊಡನೆ ‘ಇವತ್ತು ಏನು ಕಲಿತೆ?’ ಎನ್ನದೆ ‘ಇವತ್ತು ಒಳ್ಳೆಯ ಪ್ರಶ್ನೆ ಕೇಳಿದೆಯಾ?’ ಎಂದು ವಿಚಾರಿಸುತ್ತಿದ್ದರಂತೆಂದೂ, ತಾವೂ ಇನ್ನು ಮುಂದೆ ಹಾಗೆಯೇ ವಿಚಾರಿಸುವವರೆಂದೂ ತಿಳಿಸಿದರು.

“ಮೊನ್ನೆ ನಿಮ್ಮ ಹುಡುಗ, ‘ಅಪ್ಪ ಯಾವಾಗಲೂ ಫೋನನ್ನೇ ಏಕೆ ನೋಡುತ್ತಿರುತ್ತಾರೆ?’ ಎಂದು ನನ್ನೆದುರಿಗೇ ಕೇಳಿದನಲ್ಲ. ಒಳ್ಳೆಯ ಪ್ರಶ್ನೆಯಾಗಿತ್ತು. ನೀವು ಏನೆಂದಿರಿ?” ಎಂದು ಪದ್ಮಮ್ಮ ನೆನಪಿಸಿದರು.

“ಬಾಯಿ ಮುಚ್ಚು ಎಂದೆ. ಆಗ ನಾನು ಯಹೂದಿ ಪದ್ಧತಿಯನ್ನು ಕುರಿತು ಓದುತ್ತಿದ್ದೆ.”

“ಅವರ ಪಸ್ಕ ಹಬ್ಬದ ರಾತ್ರಿಯ ಊಟದಲ್ಲಿ ನೀವು ಕುಳಿತರೆ ನಡೆಯದು ಸೀತಾರಾಮು” ಎಂದರು ಮೇಷ್ಟ್ರು. “ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆಯನ್ನು ಹೇಳಬೇಕಾದ ರಾತ್ರಿ ಅದು. ಆದರೆ ಮನೆಯ ಅತಿ ಕಿರಿಯ ಮಗು ಎದ್ದು, ಈ ರಾತ್ರಿ ಉಳಿದ ರಾತ್ರಿಗಳಂತೆ ಏಕಿಲ್ಲವೆಂದು ಕೇಳಿದ ಮೇಲೆಯೇ ಹಿರಿಯರು ಕಥೆಗೆ ತೊಡಗುವುದು. ಆ ಕಥೆಯಲ್ಲಿ ನಾಲ್ವರು ಮಕ್ಕಳು ಬರುತ್ತಾರೆ: ಜಾಣ, ದುಷ್ಟ, ಮುಗ್ಧ, ಪ್ರಶ್ನೆ ಕೇಳುವುದಕ್ಕೂ ತಿಳಿಯದವನು. ದುಷ್ಟನಿಗೆ ಹಲ್ಲು ಮುರಿಯುವಂಥ ಉತ್ತರ ಸಿಗುತ್ತದೆಯಾದರೂ ಅವನನ್ನು ಪಂಕ್ತಿಯಿಂದ ಎಬ್ಬಿಸುವುದಿಲ್ಲ. ನಾಲ್ಕನೆಯವನಿಗಾಗಿ ಅಪ್ಪನೇ ಮಾತು ಆರಂಭಿಸಬೇಕು. ನಮ್ಮಲ್ಲಾದರೆ ಜಾಣನ ಚಿತ್ರವನ್ನು ಬಸ್ಸಿನ ಹಿಂದೆ ಅಂಟಿಸಿ, ಉಳಿದ ಮೂವರನ್ನು ಬೇರೆ ಸೆಕ್ಷನ್ನಿಗೆ ಹಾಕುತ್ತೇವೆ. ಆ ಊಟದ ಕೊನೆಗೆ ತಿನ್ನಬೇಕಾದ ಹುಳಿಯಿಲ್ಲದ ರೊಟ್ಟಿಯ ತುಂಡನ್ನು ಎಷ್ಟೋ ಮನೆಗಳಲ್ಲಿ ಮಕ್ಕಳು ಕದ್ದಿಟ್ಟುಕೊಂಡು, ಕೇಳಿದ ಉಡುಗೊರೆ ಕೊಡುವವರೆಗೆ ಹಿಂದಿರುಗಿಸುವುದಿಲ್ಲ. ಮಾತು ಕೊಡದ ಹೊರತು ಊಟ ಮುಗಿಯದು. ಮಗುವಿಗೆ ಕೊಡುತ್ತೇನೆಂದು ಹೇಳಿ ಕೊಡದಿರಬಾರದು, ಅದು ಸುಳ್ಳನ್ನು ಕಲಿಸಿದಂತಾಗುತ್ತದೆ ಎಂದು ತಾಲ್ಮುದಿನ ಪಂಡಿತ ರಬ್ಬಿ ಝೇರಾ ಹೇಳಿದ್ದು ಬೇರೆ ಇದೆ. ನಿಮ್ಮ ಹುಡುಗನ ಸೈಕಲ್ ಎಲ್ಲಿಗೆ ಬಂತು?”

“ಮೊದಲ ರ‍್ಯಾಂಕು ಬಂದರೆ ಕೊಡಿಸುವುದಾಗಿ ಹೇಳಿದ್ದೆ.”

“ಬಂದಿತಲ್ಲ?”

“ಬಂದ ಮೇಲೆ ಷರತ್ತನ್ನು ಪರಿಷ್ಕರಿಸಲಾಯಿತು.”

“ವಿಚಿತ್ರವೆಂದರೆ, ಆ ಗ್ರಂಥಗಳಲ್ಲಿ ನಾನು ಎಲ್ಲಿ ನೋಡಿದರೂ ಕೆಲಸವೆಲ್ಲ ಅಪ್ಪನಿಗೇ ಬೀಳುತ್ತದೆ” ಎಂದು ಮೇಷ್ಟ್ರು ನಿಟ್ಟುಸಿರಿಟ್ಟರು. “ನಿಮ್ಮ ಕೋರ್ಸಿನಲ್ಲಿ ಹುಡುಗನಿಗೆ ಬೀಳುತ್ತದೆ. ಕೋರ್ಸಿನವರಿಗೆ ದುಡ್ಡು ಬೀಳುತ್ತದೆ.”

ಸೀತಾರಾಮು ಶಿಸ್ತಿನ ಕಡೆಗೆ ಹೊರಳಿದರು. ಮೊಂಡ ಮಗನನ್ನು ಊರ ಹಿರಿಯರ ಮುಂದೆ ನಿಲ್ಲಿಸಿ ಕಲ್ಲೆಸೆದು ಕೊಲ್ಲಬೇಕೆಂದು ಅವರ ಧರ್ಮಗ್ರಂಥದಲ್ಲಿಯೇ ಇದೆಯಲ್ಲ, ಅದಕ್ಕೇನು ಹೇಳುತ್ತೀರಿ ಎಂದು ಸವಾಲು ಹಾಕಿದರು. ಇದ್ದುದು ನಿಜವೆಂದರು ಮೇಷ್ಟ್ರು. ಆದರೆ ಆಮೇಲೆ ಬಂದ ಪಂಡಿತರು ಆ ವಿಧಿಗೆ ಷರತ್ತಿನ ಮೇಲೆ ಷರತ್ತು ಹೇರಿ, ತಾಯಿ ತಂದೆಯರ ಧ್ವನಿ, ರೂಪ, ಎತ್ತರ ಮೂರೂ ಒಂದೇ ಆಗಿರಬೇಕೆಂಬಲ್ಲಿಗೆ ತಂದು, ಅಂಥ ಮಗ ಎಂದೂ ಇರಲಿಲ್ಲ, ಎಂದೂ ಇರುವುದಿಲ್ಲ ಎಂದುಬಿಟ್ಟರಂತೆ.

“ಹಾಗಾದರೆ ನಿಮ್ಮ ಹುಡುಗ ಬದುಕಿದ” ಎಂದರು ಪದ್ಮಮ್ಮ. “ನಿಮ್ಮ ಮನೆಯಲ್ಲಿ ಗಂಡಹೆಂಡಿರ ಧ್ವನಿ ಒಂದಾದದ್ದನ್ನು ನಾನಂತೂ ಕೇಳಿಲ್ಲ.”

“ಅದೆಲ್ಲ ಸರಿ, ಈಜು ಏಕೆ?” ಸೀತಾರಾಮುವಿಗೆ ಅದೊಂದು ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು. “ಈಜಿಗೆ ನೊಬೆಲ್ ಕೊಡುವುದಿಲ್ಲ.”

“ಅವನ ಪ್ರಾಣ ಅದರಲ್ಲಿ ಇರಬಹುದು ಎಂಬಷ್ಟೇ ಕಾರಣವನ್ನು ಅಲ್ಲಿ ಕೊಟ್ಟಿದೆ. ಸುರಾ, ಪುಂಬೆದಿತಾ ಎಂಬ ಅವರ ದೊಡ್ಡ ವಿದ್ಯಾಪೀಠಗಳು ಯೂಫ್ರೆಟಿಸ್ ನದಿಯ ಸೀಮೆಯಲ್ಲಿದ್ದವು. ನೀರು ಕಣ್ಣೆದುರಿಗೇ ಇತ್ತು. ಅದಲ್ಲದೆ, ಯಾವ ಊರಿನಿಂದ ಯಾವಾಗ ಹೊರಡಿಸುತ್ತಾರೆಂಬುದು ತಿಳಿಯದ ಜನ ಅವರು. 1290ರಲ್ಲಿ ಇಂಗ್ಲೆಂಡ್ ಓಡಿಸಿತು, 1492ರಲ್ಲಿ ಸ್ಪೇನ್ ಓಡಿಸಿತು. ಹೊಲವನ್ನು ಹೊತ್ತುಕೊಂಡು ಹೋಗಲಾಗದು. ಓದು, ಕಸುಬು, ಈಜು ಇವಕ್ಕೆ ಗಂಟುಮೂಟೆ ಬೇಡ. ಈಗ ನೀವು ಆ ಗಾಯವನ್ನೆಲ್ಲ ಬಿಟ್ಟು, ಪದಕವನ್ನು ಮಾತ್ರ ಕೊರಿಯರಿನಲ್ಲಿ ತರಿಸಿಕೊಳ್ಳಲು ನೋಡುತ್ತಿದ್ದೀರಿ.”

ಸ್ವಲ್ಪ ಬಿಗಿಯಾಯಿತೆನ್ನಿಸಿತೋ ಏನೋ, ಮೇಷ್ಟ್ರೇ ಯಹೂದಿಗಳು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುವ ಹಳೆಯ ಚಟಾಕಿಯೊಂದನ್ನು ಹೇಳಿದರು. ಸಮುದ್ರತೀರದಲ್ಲಿ ತಾಯಿಯೊಬ್ಬಳು ಕೂಗುತ್ತಾಳೆ: “ಕಾಪಾಡಿ! ಡಾಕ್ಟರಾಗಿರುವ ನನ್ನ ಮಗ ಮುಳುಗುತ್ತಿದ್ದಾನೆ!”

ಎಲ್ಲರಿಗಿಂತ ಹೆಚ್ಚು ನಕ್ಕವರು ಪದ್ಮಮ್ಮ. ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, “ನನ್ನ ಮಗನನ್ನು ನಾನೇ ಬಸವನಗುಡಿಯ ಈಜುಕೊಳಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಚೆನ್ನಾಗಿ ಕಲಿತ. ಎಷ್ಟು ಚೆನ್ನಾಗಿ ಎಂದರೆ, ಡಬ್ಲಿನ್ ತಲುಪಿ ಅಲ್ಲಿಯೇ ನಿಂತ” ಎಂದರು.

ಶಾಸ್ತ್ರಿಗಳು ಕೂಡ ಇದು ನಮ್ಮಲ್ಲಿಯೇ ಇತ್ತೆಂದು ಹೇಳಲಿಲ್ಲ.

“ಹುಡುಗನಿಗೆ ಹದಿಮೂರು ತುಂಬಿದಾಗ ಎಲ್ಲರೆದುರಿಗೆ ತಂದೆ ಒಂದು ಮಾತು ಹೇಳುತ್ತಾನೆ” ಎಂದು ಮೇಷ್ಟ್ರು ಮೆಲ್ಲಗೆ ಮುಂದುವರಿಸಿದರು. “ಇವನ ತಪ್ಪಿನ ಹೊಣೆಯಿಂದ ನನ್ನನ್ನು ಬಿಡುಗಡೆ ಮಾಡಿದ ದೇವರಿಗೆ ಸ್ತೋತ್ರ, ಎಂದು.”

“ಹದಿಮೂರಕ್ಕೇ?” ಸೀತಾರಾಮು ಕುರ್ಚಿಯಿಂದ ಎದ್ದೇಬಿಟ್ಟರು. “ಐಐಟಿ ಫೌಂಡೇಷನ್ ಆರಂಭವಾಗುವುದೇ ಆಗ! ನಾನು ಅವನ ಮೂವತ್ತನೆಯ ವರ್ಷದವರೆಗೆ ಯೋಜನೆ ಬರೆದಿಟ್ಟಿದ್ದೇನೆ.”

“ಆ ಮಾತನ್ನು ತಾಯಂದಿರೂ ಹೇಳಬಹುದೇ?” ಎಂದು ಪದ್ಮಮ್ಮ ಕೇಳಿದರು.

“ಈಗೀಗ ಕೆಲವು ಪಂಥಗಳಲ್ಲಿ ಹೇಳುತ್ತಾರೆ. ಆದರೆ ಹೊಣೆ ಇಳಿದರೂ ಹರಕೆ ನಿಲ್ಲುವುದಿಲ್ಲ. ಪ್ರತಿ ಶುಕ್ರವಾರ ಸಂಜೆ, ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ದೀಪ ಹಚ್ಚಿದ ಮೇಲೆ, ಊಟಕ್ಕೆ ಮುಂಚೆ, ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ದೂರದಲ್ಲಿರುವ ಮಕ್ಕಳನ್ನು ಸೂರ್ಯ ಮುಳುಗುವ ಮೊದಲೇ ಫೋನಿನಲ್ಲಿ ಹರಸುವವರೂ ಇದ್ದಾರೆ. ಗಂಡುಮಕ್ಕಳಿಗೆ ಎಫ್ರಾಯೀಮ್ ಮತ್ತು ಮನಸ್ಸೆಯರಂತೆ ಆಗಿ ಎನ್ನುತ್ತಾರೆ.”

“ಅವರಿಬ್ಬರಿಗೆ ಯಾವುದರಲ್ಲಿ ನೊಬೆಲ್?” ಎಂದರು ಸೀತಾರಾಮು.

“ಬೈಬಲಿನ ಯೋಸೇಫನ ಮಕ್ಕಳು. ಅಜ್ಜ ಹಿರಿಯನನ್ನು ಬಿಟ್ಟು ಕಿರಿಯನಿಗೆ ಮುಂದಿನ ಸ್ಥಾನ ಕೊಟ್ಟರೂ ಅಣ್ಣತಮ್ಮಂದಿರು ಜಗಳವಾಡಲಿಲ್ಲವೆಂದು ಅವರನ್ನು ನೆನೆಯುತ್ತಾರಂತೆ. ಇದಕ್ಕೆ ಖರ್ಚಿಲ್ಲ. ಶುಕ್ರವಾರ ಸಂಜೆ ನೀವು ಮನೆಯಲ್ಲಿದ್ದರೆ ಸಾಕು.”

ಸೀತಾರಾಮು ಫೋನಿನಲ್ಲಿ ಅದನ್ನೂ ಗುರುತು ಹಾಕಿಕೊಂಡರು. ಹಾಕಿಕೊಳ್ಳುತ್ತಿದ್ದಂತೆ ಮುಖ ಬಾಡಿತು. “ಶುಕ್ರವಾರ ಏಳರಿಂದ ಒಂಬತ್ತರವರೆಗೆ ಅವನಿಗೆ ಟ್ಯೂಷನ್ ಇದೆ. ಪರವಾಗಿಲ್ಲ, ಟ್ಯೂಷನ್ನಿನವರಿಗೇ ಹೇಳಿ ಹರಸಿಸಿಬಿಡುತ್ತೇನೆ. ಹೇಗಿದ್ದರೂ ಫೀಸು ಕಟ್ಟಿಯಾಗಿದೆ.”